ಕಣ್ಕಪ್ಪಡಿಗಳ ಕೂಗು ಮತ್ತು ಅವುಗಳ ಬೇಟೆಯ ನೆಲೆಗಳು

ಸೂರ್ಯಾಸ್ತವಾಗಿ ದನಕರುಗಳು ಹಟ್ಟಿ ಸೇರುವ ವೇಳೆಯಲ್ಲಿ ಕೆರೆಯ ಏರಿಯ ಮೇಲೂ, ಹುಣಿಸೆತೋಪಿನ ಅಂಚಿನಲ್ಲಿಯೂ, ಹಳೆಯ ದೇವಸ್ಥಾನದ ಮುಂದಣ ಬಯಲಿನಲ್ಲಿಯೂ ಸಣ್ಣ ಕಪ್ಪುಪ್ರಾಣಿಗಳು ಸರ್ರನೆ ತಿರುತಿರುಗಿ ಹಾರಾಡುವುದನ್ನು ಕಾಣದ ಗ್ರಾಮಸ್ಥರಿಲ್ಲ. ಇವಕ್ಕೆ ಕೆಲವು ಸೀಮೆಗಳಲ್ಲಿ ಕಣ್ಕಪ್ಪಡಿಯೆಂದೂ, ಕೆಲವೆಡೆ ತೊಗಲುಹಕ್ಕಿಯೆಂದೂ, ಸಾಮಾನ್ಯವಾಗಿ ಬಾವಲಿಯೆಂದೂ ಹೆಸರು. ಹೆಸರಿಗೆ ಹಕ್ಕಿಯಾದರೂ ಇವು ಮರಿಹಾಕಿ ಹಾಲೂಡಿಸುವ ಪ್ರಾಣಿಗಳು. ಮನೆಯೊಳಕ್ಕೆ ಬಂದರೆ ಅಪಶಕುನವೆಂದು ಹೊಡೆದು ಕೊಲ್ಲುವುದೂ, ಗುಡಿಯ ಒಳಗೆ ನೆಲಸಿದರೆ ಹೊಗೆಯಿಟ್ಟು ಓಡಿಸುವುದೂ ವಾಡಿಕೆಯಾಗಿದೆ. ಆದರೆ ರಾತ್ರಿಯಲ್ಲಿ ಪೈರಿನ ಮೇಲೆ ಹಾರಾಡುವ ಪತಂಗ, ಜಿಗಿಹುಳು, ದುಂಬಿಗಳನ್ನು ಹಿಡಿದು ತಿನ್ನುವುದರಲ್ಲಿ ಇವುಗಳಿಗೆ ಸರಿಸಮಾನವಾದ ಜೀವಿಗಳು ಬಹಳ ಕಡಮೆ. ಯಾವ ಜಮೀನಿನ ಮೇಲೆ, ಯಾವ ತೋಪಿನ ಬಳಿ, ಯಾವ ಜಾತಿಯ ಕಣ್ಕಪ್ಪಡಿಗಳು ಎಷ್ಟರಮಟ್ಟಿಗೆ ಬೇಟೆಯಾಡುತ್ತವೆಂಬುದನ್ನು ಅವುಗಳ ಕೂಗಿನಿಂದಲೇ ಗೊತ್ತುಮಾಡುವ ಕ್ರಮವೊಂದು ಈಗ ಬಳಕೆಯಲ್ಲಿದೆ. ಗ್ರಾಮದ ಗೋಮಾಳ, ತೋಪು, ಕೆರೆ, ಬಂಡೆಗಳ ವಿಚಾರದಲ್ಲಿ ಯಾರ ಮಾತು ನಡೆಯುವುದೋ ಅಂಥ ಮುಖಂಡರೂ ಜಮೀನುದಾರರೂ ಈ ಕ್ರಮವನ್ನು ತಿಳಿದಿರುವುದು ಅವಶ್ಯಕ. ಏತಕ್ಕೆಂದರೆ, ಕಣ್ಕಪ್ಪಡಿಗಳ ನೆಲೆ ಉಳಿಯುವುದೂ ಅಳಿಯುವುದೂ ಬಹುಮಟ್ಟಿಗೆ ಇವರ ಕೈಯಲ್ಲಿಯೇ ಇದೆ.

ಬಾವಲಿಯ ಎರಡು ಬಗೆ

ಲೋಕದಲ್ಲಿ ೧,೪೦೦ಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು ೧೩೦ ಜಾತಿಯ ಬಾವಲಿಗಳನ್ನು ಶಾಸ್ತ್ರಜ್ಞರು ಗುರುತಿಸಿರುತ್ತಾರೆ. ರೈತರ ದೃಷ್ಟಿಯಿಂದ ಇವುಗಳನ್ನು ಎರಡು ಬಗೆಯಾಗಿ ವಿಂಗಡಿಸಿದರೆ ಸಾಕು. ಮೊದಲನೆಯ ಬಗೆಯವು ಹಣ್ಣು ತಿನ್ನುವ ಬಾವಲಿಗಳು. ಆಲ, ಅರಳಿ, ಹುಣಿಸೆಯ ಮರಗಳಲ್ಲಿ ಹಗಲೆಲ್ಲ ತಲೆಕೆಳಗಾಗಿ ತೂಗುತ್ತ, ರೆಕ್ಕೆ ಹರಡಿದರೆ ನಾಲ್ಕಡಿಯಷ್ಟು ಅಗಲವಾಗುವ ದೊಡ್ಡ ಬಾವಲಿ ಈ ಬಗೆಗೆ ಸೇರಿದುದು. ಇದು ಕಣ್ಣು ಮೂಗುಗಳ ಸಹಾಯದಿಂದಲೇ ಆಹಾರವನ್ನು ಹುಡುಕುತ್ತದೆ. ಕೂಗಿನ ಮರುದನಿಯಿಂದ ದಾರಿ ಕಾಣುವ ವಿದ್ಯೆ ಇದಕ್ಕಿಲ್ಲ. ಗುಹೆಗಳಲ್ಲಿ ವಾಸಿಸುವ ಒಂದು ಜಾತಿಯ ಹಣ್ಣುಬಾವಲಿ ಮಾತ್ರ ನಾಲಗೆಯನ್ನು ಟಕಟಕನೆ ಬಡಿದು ಕತ್ತಲೆಯಲ್ಲಿ ದಾರಿ ಮಾಡಿಕೊಳ್ಳುತ್ತದೆ. ಹಣ್ಣಿನ ತೋಟಗಳಿಗೆ ಇವುಗಳಿಂದ ನಷ್ಟವುಂಟೆಂಬುದು ನಿಜ. ಕಾಡುಮರಗಳ ಬೀಜವನ್ನು ಮೈಲಿಗಟ್ಟಲೆ ದೂರ ಒಯ್ದು ಬಿತ್ತುವುದೂ ಇವೇ. ೧೯೭೨ನೆಯ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹಣ್ಣುಬಾವಲಿಗಳನ್ನು ಬಹುಕಾಲ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿ ಇಟ್ಟಿದ್ದರು. ೨೦೨೨ನೆಯ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಲಾಯಿತು.

ಎರಡನೆಯ ಬಗೆಯವು ಹುಳುಹುಪ್ಪಟೆಗಳನ್ನು ತಿನ್ನುವ ಸಣ್ಣ ಕಣ್ಕಪ್ಪಡಿಗಳು. ಜಾತಿಗಳ ಲೆಕ್ಕದಲ್ಲಿ ಇವೇ ಬಹುಪಾಲು. ಇವುಗಳಲ್ಲಿ ಕೆಲವು ಅರ್ಧ ತೊಲಕ್ಕಿಂತಲೂ ಕಡಮೆ ತೂಗುತ್ತವೆ. ಈ ಲೇಖನದಲ್ಲಿ ಹೇಳತಕ್ಕುದೆಲ್ಲ ಈ ಎರಡನೆಯ ಬಗೆಯನ್ನು ಕುರಿತುದೇ.

ಇವುಗಳಿಂದ ಬೇಸಾಯಕ್ಕಾಗುವ ಪ್ರಯೋಜನ

ಕಣ್ಕಪ್ಪಡಿಯೊಂದು ಒಂದು ರಾತ್ರಿಯಲ್ಲಿ ತನ್ನ ಮೈತೂಕದ ಅರ್ಧದಷ್ಟು ಹುಳುಗಳನ್ನು ತಿನ್ನಬಲ್ಲುದು; ಮರಿಗೆ ಹಾಲೂಡಿಸುವ ಕಾಲದಲ್ಲಿ ಇದಕ್ಕಿಂತಲೂ ಹೆಚ್ಚು. ಇದು ಬಾಯಿಮಾತಿನ ಲೆಕ್ಕವಾಗಿ ಉಳಿಯದೆ ಹೊಲಗಳಲ್ಲಿ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದ ಇಲಿನಾಯ್ ಸಂಸ್ಥಾನದ ಮುಸುಕಿನಜೋಳದ ಹೊಲಗಳಲ್ಲಿ ಇಬ್ಬರು ಪರಿಶೋಧಕರು ಕೆಲವು ತಾಕುಗಳ ಮೇಲೆ ಬಲೆಯನ್ನು ರಾತ್ರಿ ಮಾತ್ರ ಹರಡಿ, ಹಗಲಿನಲ್ಲಿ ತೆಗೆಯುತ್ತಿದ್ದರು. ಹಗಲಿನ ಹಕ್ಕಿಗಳಿಗೆ ಅಡ್ಡಿಯಿಲ್ಲದೆ ರಾತ್ರಿಯ ಕಣ್ಕಪ್ಪಡಿಗಳಿಗೆ ಮಾತ್ರ ಅಡ್ಡಿಯಾಗಬೇಕೆಂಬುದು ಇದರ ಉದ್ದೇಶ. ೨೦೧೫ರಲ್ಲಿ ಪ್ರಕಟವಾದ ಈ ಪರೀಕ್ಷೆಯ ಫಲವೇನೆಂದರೆ, ಬಲೆಯ ಕೆಳಗಿನ ತೆನೆಗಳಲ್ಲಿ ಕೊರಕ ಹುಳುಗಳ ಸಂಖ್ಯೆಯೂ ಕಾಳಿನ ನಷ್ಟವೂ ಬಲೆಯಿಲ್ಲದ ತಾಕುಗಳಿಗಿಂತ ಅರ್ಧಕ್ಕೂ ಮೀರಿ ಹೆಚ್ಚಾಗಿದ್ದವು. ಆ ಕೊರಕವು ನಮ್ಮಲ್ಲಿ ತೊಗರಿ, ಕಡಲೆ, ಹತ್ತಿಗಳನ್ನು ಕಾಡುವ ಕಾಯಿಕೊರಕಕ್ಕೆ ಹತ್ತಿರದ ನಂಟಾದುದು.

ಭತ್ತದ ಸೀಮೆಯವರಿಗೆ ಇನ್ನೊಂದು ಉದಾಹರಣೆ ಹೆಚ್ಚು ಉಪಯುಕ್ತ. ಥಾಯ್ಲೆಂಡ್ ದೇಶದ ಸುಣ್ಣಕಲ್ಲಿನ ಗುಹೆಗಳಿಂದ ಸಂಜೆಯ ಹೊತ್ತು ಲಕ್ಷಾಂತರ ಸಂಖ್ಯೆಯಲ್ಲಿ ಹೊರಡುವ ಒಂದು ಜಾತಿಯ ಕಣ್ಕಪ್ಪಡಿ ಗದ್ದೆಗಳ ಮೇಲೆ ಎತ್ತರದಲ್ಲಿ ಹಾರುತ್ತ ಬಿಳಿಬೆನ್ನಿನ ಜಿಗಿಹುಳುಗಳನ್ನು ತಿನ್ನುತ್ತದೆ. ಈ ಒಂದೇ ಜಾತಿಯಿಂದ ಆ ದೇಶದಲ್ಲಿ ವರ್ಷಕ್ಕೆ ಸುಮಾರು ೨,೯೦೦ ಟನ್ ಭತ್ತದ ನಷ್ಟ ತಪ್ಪುತ್ತದೆಂದೂ, ಅದು ಸುಮಾರು ೨೬,೦೦೦ ಜನರ ಊಟಕ್ಕೆ ಸಾಕಾಗುವಷ್ಟೆಂದೂ ೨೦೧೪ರಲ್ಲಿ ಲೆಕ್ಕ ಹಾಕಿದ್ದಾರೆ. ಬಿಳಿಬೆನ್ನಿನ ಜಿಗಿಹುಳು ನಮ್ಮ ಗದ್ದೆಗಳಿಗೂ ಹೊಸದಲ್ಲವಷ್ಟೆ.

ಕಣ್ಕಪ್ಪಡಿಗಳು ಇಲ್ಲದೆಹೋದರೆ ಏನಾದೀತೆಂಬುದಕ್ಕೂ ದೃಷ್ಟಾಂತ ದೊರೆತಿದೆ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ೨೦೦೬ರಲ್ಲಿ ಮೊದಲು ಕಾಣಿಸಿಕೊಂಡ ಬೂಸುರೋಗವೊಂದು ಗುಹೆಯಿಂದ ಗುಹೆಗೆ ಹಬ್ಬಿ ಕಣ್ಕಪ್ಪಡಿಗಳನ್ನು ಲಕ್ಷಗಟ್ಟಲೆ ಕೊಂದಿತು. ರೋಗ ಹಬ್ಬಿದ ಜಿಲ್ಲೆಗಳಲ್ಲಿ ರೈತರು ಹೊಲಕ್ಕೆ ಹಾಕುವ ಕೀಟನಾಶಕವು ಸರಾಸರಿ ಶೇಕಡ ೩೧ರಷ್ಟು ಏರಿತೆಂದು ೨೦೨೪ರಲ್ಲಿ ಪ್ರಕಟವಾದ ಪರಿಶೋಧನೆಯಿಂದ ತಿಳಿದುಬಂದಿದೆ. ಕಣ್ಕಪ್ಪಡಿ ಸುಮ್ಮನೆ ಮಾಡುತ್ತಿದ್ದ ಕೆಲಸಕ್ಕೆ ರೈತನು ಹಣ ತೆತ್ತನೆಂಬುದೇ ಇದರ ಅರ್ಥ.

ಈ ಪ್ರಾಣಿಗಳ ಸಂಖ್ಯೆ ಒಮ್ಮೆ ಕುಗ್ಗಿದರೆ ಬೇಗನೆ ಚೇತರಿಸಿಕೊಳ್ಳುವುದಿಲ್ಲವೆಂಬುದನ್ನೂ ಗಮನಿಸತಕ್ಕದ್ದು. ಇಲಿ ಹೆಗ್ಗಣಗಳು ವರ್ಷಕ್ಕೆ ಹಲವು ಸೂಲು ಹಾಕುತ್ತವೆ. ಗಾತ್ರದಲ್ಲಿ ಇಲಿಗಿಂತ ಸಣ್ಣದಾದರೂ ಕಣ್ಕಪ್ಪಡಿಗಳಲ್ಲಿ ಬಹುಪಾಲು ಜಾತಿಗಳಿಗೆ ವರ್ಷಕ್ಕೆ ಒಂದೇ ಮರಿ.

ಕೂಗಿನ ಗುಟ್ಟು ಬಯಲಾದ ಬಗೆ

ಕಗ್ಗತ್ತಲೆಯಲ್ಲಿ ಇವು ದಾರಿ ಕಾಣುವುದು ಹೇಗೆಂಬ ಪ್ರಶ್ನೆ ಹಳೆಯದು. ಇಟಲಿ ದೇಶದ ಸ್ಪಲ್ಲಾನ್ಸಾನಿ ಎಂಬ ಪಂಡಿತನು ೧೭೯೩ರಲ್ಲಿ ಮೊದಲುಮಾಡಿ, ಕಣ್ಣು ಕಳೆದ ಕಣ್ಕಪ್ಪಡಿಗಳು ದಾರಗಳನ್ನು ಕಟ್ಟಿದ ಕೋಣೆಯಲ್ಲಿ ಎಲ್ಲಿಯೂ ತಾಗದೆ ಹಾರುವುದನ್ನು ಕಂಡನು. ಅಂಥವನ್ನು ಹೊರಗೆ ಬಿಟ್ಟು, ಕೆಲವು ದಿನಗಳ ಮೇಲೆ ಇಗರ್ಜಿಯ ಗಂಟೆಗೋಪುರದಲ್ಲಿ ಮರಳಿ ಹಿಡಿದು ಸೀಳಿ ನೋಡಿದಾಗ, ಕಣ್ಣಿದ್ದವುಗಳಂತೆಯೇ ಅವುಗಳ ಹೊಟ್ಟೆಯೂ ಹುಳುಗಳಿಂದ ತುಂಬಿದ್ದಿತು. ಜಿನೀವಾ ನಗರದ ಜೂರೀನ್ ಎಂಬವನು ಕಿವಿಗಳನ್ನು ಮೇಣದಿಂದ ಮುಚ್ಚಿ ನೋಡಲು, ಅವು ಕಂಡಕಂಡುದಕ್ಕೆ ಬಡಿದುಕೊಂಡು ಬಿದ್ದವು. ಕಿವಿಯಿಂದ ಕಾಣುತ್ತವೆಂದರೆ ಅಂದಿನವರಾರೂ ನಂಬಲಿಲ್ಲ. ರೆಕ್ಕೆಯ ಸ್ಪರ್ಶಜ್ಞಾನದಿಂದ ಎಂದು ಹೇಳಿ ನೂರು ವರ್ಷಕ್ಕೂ ಮೇಲೆ ಸುಮ್ಮನಿದ್ದರು. ೧೯೩೮ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಡೊನಾಲ್ಡ್ ಗ್ರಿಫಿನ್ ಎಂಬವನು ಪಿಯರ್ಸ್ ಎಂಬ ಭೌತವಿಜ್ಞಾನಿಯ ಯಂತ್ರದ ಮುಂದೆ ಕಣ್ಕಪ್ಪಡಿಗಳ ಪಂಜರವನ್ನು ಹಿಡಿದಾಗ, ಮೌನವೆಂದು ತೋರಿದ ಪ್ರಾಣಿ ಬಿಡದೆ ಕೂಗುತ್ತಿರುವುದು ಗೊತ್ತಾಯಿತು. ಆ ಕೂಗು ಮನುಷ್ಯನ ಕಿವಿಗೆ ನಿಲುಕತಕ್ಕುದಲ್ಲ. ಕೂಗಿ, ಮರುದನಿಯನ್ನು ಕೇಳಿ, ಅಡ್ಡಬಂದ ವಸ್ತುವನ್ನು ಅರಿಯುವ ಈ ವಿದ್ಯೆಗೆ ಅವನೇ ೧೯೪೪ರಲ್ಲಿ ಹೆಸರಿಟ್ಟನು. ಕನ್ನಡದಲ್ಲಿ ಇದನ್ನು ಮರುದನಿಯ ಗುರುತು ಎನ್ನಬಹುದು.

ಕೂಗಿಗೂ ನೆಲೆಗೂ ಇರುವ ಸಂಬಂಧ

ಶಬ್ದವೆಂಬುದು ಗಾಳಿಯ ಕಂಪನ. ಸೆಕೆಂಡಿಗೆ ೨೦ ಸಾವಿರಕ್ಕಿಂತ ಹೆಚ್ಚಾಗಿ ಕಂಪಿಸುವ ಶಬ್ದ ಮನುಷ್ಯನಿಗೆ ಕೇಳಿಸುವುದಿಲ್ಲ. ಕಣ್ಕಪ್ಪಡಿಗಳ ಕೂಗಾದರೋ ಹೆಚ್ಚಾಗಿ ೨೦ ಸಾವಿರದಿಂದ ಒಂದು ಲಕ್ಷದ ಮೇಲಿನವರೆಗೂ ಇರುತ್ತದೆ. ಇಷ್ಟು ಎತ್ತರದ ಸ್ವರ ಏತಕ್ಕೆ ಬೇಕೆಂದು ಕೇಳಬಹುದು. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೧,೧೦೦ ಅಡಿ ಹೋಗುತ್ತದೆ. ಸಾವಿರ ಕಂಪನದ ಸ್ವರದಲ್ಲಿ ಒಂದೊಂದು ಅಲೆಯೂ ಒಂದಡಿಗಿಂತ ಉದ್ದ. ಅಂಥ ಅಲೆಗೆ ಸೊಳ್ಳೆಯೊಂದು ಅಡ್ಡವಾಗಲಾರದು. ೫೦ ಸಾವಿರ ಕಂಪನದ ಕೂಗಿನ ಅಲೆ ಕಾಲಂಗುಲವಷ್ಟೇ ಆದುದರಿಂದ ಸಣ್ಣ ಹುಳುವಿಗೂ ತಗಲಿ ಹಿಂದಿರುಗುತ್ತದೆ. ಆದರೆ ಸ್ವರ ಏರಿದಷ್ಟೂ ಗಾಳಿಯಲ್ಲಿ ಬೇಗ ಕುಂದಿಹೋಗುತ್ತದೆ. ಎತ್ತರದ ಸ್ವರದಿಂದ ಸೂಕ್ಷ್ಮವಾಗಿ ಕಾಣಬಹುದು, ದೂರ ಕಾಣಲಾಗದು. ತಗ್ಗಿನ ಸ್ವರದಿಂದ ದೂರ ಕಾಣಬಹುದು, ಸೂಕ್ಷ್ಮವಾಗಿ ಕಾಣಲಾಗದು. ಇದೊಂದನ್ನು ನೆನಪಿಟ್ಟರೆ ಮುಂದಿನದೆಲ್ಲ ಸುಲಭ.

ಬಯಲಿನ ಮೇಲೆ, ಮರಗಳ ತಲೆಗಿಂತಲೂ ಎತ್ತರದಲ್ಲಿ ವೇಗವಾಗಿ ಹಾರುವ ಜಾತಿಗಳು ೨೦ರಿಂದ ೩೦ ಸಾವಿರ ಕಂಪನದ, ಬಹು ಗಟ್ಟಿಯಾದ ಕೂಗನ್ನು ಹಾಕುತ್ತವೆ. ಹಳೆಯ ದೇವಾಲಯಗಳಲ್ಲಿಯೂ ಕೋಟೆಯ ಬಿರುಕುಗಳಲ್ಲಿಯೂ ಅಂಟಿಕೊಂಡಿರುವ ಗೋರಿಬಾವಲಿಗಳು ಈ ಪಂಗಡದವು. ಇವುಗಳ ರೆಕ್ಕೆ ನೀಳವಾಗಿಯೂ ಕಿರಿದಾಗಿಯೂ ಇರುತ್ತದೆ. ತೋಪಿನ ಅಂಚು, ಬೇಲಿಸಾಲು, ಬೀದಿಯ ಮರಗಳ ನಡುವೆ ತಿರುಗುವ ಸಣ್ಣ ಕಣ್ಕಪ್ಪಡಿಗಳ ಕೂಗು ಮೇಲಿನಿಂದ ಕೆಳಕ್ಕೆ ಜಾರಿ, ಸುಮಾರು ೪೦ರಿಂದ ೫೦ ಸಾವಿರದ ಬಳಿ ನಿಲ್ಲುತ್ತದೆ. ಮೂರನೆಯ ಪಂಗಡದವು ಎಲೆಮೂಗಿನವೂ ಲಾಳಮೂಗಿನವೂ ಆದ ಕಣ್ಕಪ್ಪಡಿಗಳು. ಇವು ಬಾಯಿ ಮುಚ್ಚಿಕೊಂಡು ಮೂಗಿನಿಂದ ಕೂಗುತ್ತವೆ; ಮೂಗಿನ ಮೇಲಿನ ಎಲೆಯಾಕಾರದ ತೊಗಲು ಆ ಶಬ್ದವನ್ನು ಒಂದೇ ಕಡೆಗೆ ತಿರುಗಿಸುತ್ತದೆ. ಇವುಗಳ ಕೂಗು ಜಾರದೆ ಒಂದೇ ಸ್ವರದಲ್ಲಿ ನಿಂತು, ಕೊನೆಯಲ್ಲಿ ಮಾತ್ರ ತುಸು ಇಳಿಯುತ್ತದೆ. ಪಶ್ಚಿಮಘಟ್ಟದ ಲಾಳಮೂಗಿನ ಜಾತಿಯೊಂದು ೮೦ ಸಾವಿರದ ಆಸುಪಾಸಿನಲ್ಲಿಯೂ, ಬಯಲುಸೀಮೆಯ ಗುಹೆಗಳ ಎಲೆಮೂಗಿನ ಜಾತಿಯೊಂದು ೧ ಲಕ್ಷ ೩೦ ಸಾವಿರದ ಆಸುಪಾಸಿನಲ್ಲಿಯೂ ಕೂಗುತ್ತದೆ. ಎಲೆಗಳ ದಟ್ಟಣೆಯ ನಡುವೆ ರೆಕ್ಕೆ ಬಡಿಯುವ ಪತಂಗವನ್ನು ಈ ನಿಂತಸ್ವರದಿಂದ ಬೇರ್ಪಡಿಸಿ ಅರಿಯಬಲ್ಲವು. ಇವುಗಳ ರೆಕ್ಕೆ ಮೊಟಕು, ಅಗಲ. ಮರಗಳ ಸಂದಿಯಲ್ಲಿ ತಿರುಗಲು ತಕ್ಕುದು, ಬಯಲನ್ನು ದಾಟಲು ತಕ್ಕುದಲ್ಲ.

ಈ ಹಂಚಿಕೆಯನ್ನು ದಕ್ಷಿಣ ಭಾರತದಲ್ಲಿಯೇ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಜರ್ಮನಿಯ ನಾಯ್‌ವೈಲರ್ ಎಂಬ ವಿಜ್ಞಾನಿ ಮುಖ್ಯನು. ೧೯೮೦ರ ದಶಕದಲ್ಲಿ ಮಧುರೆಯ ಸುತ್ತಣ ಕಣ್ಕಪ್ಪಡಿಗಳನ್ನು ಪರಿಶೀಲಿಸಿ, ಒಂದೇ ಊರಿನ ಮೇಲಿನ ಆಕಾಶವನ್ನು ಮಹಡಿಮನೆಯಂತೆ ಅಂತಸ್ತುಗಳಾಗಿ ಇವು ಹಂಚಿಕೊಂಡಿರುವುದನ್ನು, ಒಂದೊಂದು ಅಂತಸ್ತಿಗೂ ಒಂದೊಂದು ಬಗೆಯ ಕೂಗಿರುವುದನ್ನು ಅವನು ಎತ್ತಿತೋರಿಸಿದನು. ಆದಕಾರಣ ಕೂಗನ್ನು ಕೇಳಿದರೆ ಜಾತಿ ಮಾತ್ರವೇ ಅಲ್ಲ, ಆ ಸ್ಥಳವು ಕಣ್ಕಪ್ಪಡಿಗೆ ಯಾವ ರೀತಿಯಲ್ಲಿ ಉಪಯೋಗವಾಗುತ್ತಿದೆಯೆಂಬುದೂ ತಿಳಿಯುತ್ತದೆ.

ಇನ್ನೂ ಒಂದು ವಿಶೇಷವುಂಟು. ಬರಿದೆ ಹಾದುಹೋಗುವಾಗ ಸೆಕೆಂಡಿಗೆ ಹತ್ತರಷ್ಟು ಕೂಗುಗಳನ್ನು ಹಾಕುವ ಕಣ್ಕಪ್ಪಡಿ, ಹುಳುವನ್ನು ಕಂಡು ಅದರ ಮೇಲೆ ಎರಗುವಾಗ ಕೂಗುಗಳನ್ನು ಒತ್ತೊತ್ತಾಗಿ ಹಾಕುತ್ತ, ಕೊನೆಯ ಗಳಿಗೆಯಲ್ಲಿ ಸೆಕೆಂಡಿಗೆ ನೂರೈವತ್ತಕ್ಕೂ ಮೇಲೆ ಕೂಗುತ್ತದೆ. ಯಂತ್ರದಲ್ಲಿ ಇದು ಜೇನ್ನೊಣದ ಝೇಂಕಾರದಂತೆ ಕೇಳುತ್ತದೆ. ಝೇಂಕಾರವಿದ್ದಲ್ಲಿ ಬೇಟೆ ನಡೆದಿದೆಯೆಂದೇ ತಿಳಿಯತಕ್ಕದ್ದು. ಪತಂಗಗಳೂ ಸುಮ್ಮನಿರುವುದಿಲ್ಲ. ಅನೇಕ ಜಾತಿಯ ಪತಂಗಗಳಿಗೆ ಈ ಕೂಗನ್ನು ಕೇಳುವ ಕಿವಿಯುಂಟು. ಕೇಳಿದೊಡನೆ ರೆಕ್ಕೆ ಮಡಿಸಿ ನೆಲಕ್ಕೆ ಬಿದ್ದುಬಿಡುವುವು. ಹುಟ್ಟಿದಂದಿನಿಂದ ಸೇಂದಿಲ್ಲದ ಯುದ್ಧ ಇದು.

ಯಂತ್ರಗಳ ವಿಚಾರ

ಕೇಳಿಸದ ಕೂಗನ್ನು ಕೇಳಿಸುವಂತೆ ಮಾಡುವ ಯಂತ್ರಗಳು ಎರಡು ವಿಧ. ಮೊದಲನೆಯದು ಕೈಯಲ್ಲಿ ಹಿಡಿದು ತಿರುಗುವ ಡಿಟೆಕ್ಟರ್; ಮೇಲಿನ ಸ್ವರವನ್ನು ತಗ್ಗಿಸಿ ಅಲ್ಲಿಯೇ ಟಪಟಪ ಎಂದು ಕೇಳಿಸುತ್ತದೆ. ಎರಡನೆಯದು ಮರಕ್ಕೋ ಗೂಟಕ್ಕೋ ಕಟ್ಟಿ ರಾತ್ರಿಯೆಲ್ಲ ಬಿಟ್ಟುಬರುವ ರೆಕಾರ್ಡರ್. ಆಡಿಯೋಮಾತ್ ಎಂಬ ಹೆಸರಿನ, ಅಂಗೈಯಲ್ಲಿ ಹಿಡಿಸುವ ಯಂತ್ರವೊಂದು ಈಗ ಹಿಂದಿನವುಗಳಿಗಿಂತ ಬಹು ಕಡಮೆ ಕ್ರಯಕ್ಕೆ ದೊರೆಯುವುದರಿಂದ ಈ ಕೆಲಸ ಕಾಲೇಜುಗಳ ಹೊರಗೂ ಹರಡಿದೆ. ಸಾಧಾರಣವಾದ ಮೊಬೈಲ್ ಫೋನಿನಿಂದ ಇದು ಸಾಧ್ಯವಿಲ್ಲ. ಯಾವ ಶಬ್ದವನ್ನು ಹಿಡಿಯಬೇಕಾದರೂ ಯಂತ್ರವು ಅದರ ಕಂಪನದ ಎರಡರಷ್ಟು ಸಲವಾದರೂ ಸೆಕೆಂಡಿಗೆ ಅಳೆಯಬೇಕು. ಫೋನು ೪೮ ಸಾವಿರ ಸಲ ಅಳೆದರೆ, ಲಕ್ಷ ಕಂಪನದ ಕೂಗಿಗೆ ಎರಡು ಲಕ್ಷ ಸಲಕ್ಕಿಂತ ಹೆಚ್ಚು ಬೇಕಾಗುತ್ತದೆ. ಹಿಡಿದ ಕೂಗನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬಿಡಿಸಿದಾಗ ಜಾರುಕೂಗು ಕುಡುಗೋಲಿನಂತೆಯೂ, ನಿಂತಸ್ವರದ ಕೂಗು ತೊಲೆಯಂತೆಯೂ ತೋರುವುವು. ಅಭ್ಯಾಸವಾದವರು ಕಣ್ಣಳತೆಯಿಂದಲೇ ಪಂಗಡವನ್ನು ಹೇಳುತ್ತಾರೆ.

ಗ್ರಾಮದಲ್ಲಿ ಪರಿಶೀಲನೆ ನಡೆಸುವ ಕ್ರಮ

ಕೆರೆಯ ಏರಿ, ಊರ ತೋಪು, ಗದ್ದೆಬಯಲು, ಮರಗಳಿಲ್ಲದ ಖುಷ್ಕಿ ಹೊಲ ಇವೇ ಮೊದಲಾದ ಒಂದಕ್ಕೊಂದು ಹೋಲದ ನಾಲ್ಕೈದು ಸ್ಥಳಗಳನ್ನು ಆರಿಸಿಕೊಳ್ಳತಕ್ಕದ್ದು. ಎಲ್ಲ ಕಡೆಯೂ ಒಂದೇ ರಾತ್ರಿಯಲ್ಲಿ, ಒಂದೇ ಬಗೆಯ ಯಂತ್ರವನ್ನು, ನೆಲದಿಂದ ಒಂದೇ ಎತ್ತರದಲ್ಲಿ ಇಡಬೇಕು. ಸೂರ್ಯಾಸ್ತಕ್ಕೆ ಅರ್ಧ ಗಂಟೆ ಮುಂಚೆ ಆರಂಭಿಸಿ ಬೆಳಗಿನವರೆಗೆ ಬಿಡುವುದು ಉತ್ತಮ. ಆಗದಿದ್ದರೆ ಮೊದಲ ಮೂರು ಗಂಟೆಗಳನ್ನಾದರೂ ಬಿಡಲಾಗದು. ಒಂದೇ ರಾತ್ರಿಯ ಫಲವನ್ನು ನಂಬತಕ್ಕುದಲ್ಲ, ನಾಲ್ಕೈದು ರಾತ್ರಿಗಳಾದರೂ ಆಗಬೇಕು. ಮಳೆ, ಬಿರುಗಾಳಿಯ ರಾತ್ರಿಗಳನ್ನು ಬಿಡುವುದು. ತುಂಬು ಬೆಳದಿಂಗಳಿನಲ್ಲಿ ಕೆಲವು ಜಾತಿಗಳು ಹೊರಗೆ ಬರಲು ಅಂಜುವುದರಿಂದ ತಿಥಿಯನ್ನೂ ಗುರುತು ಹಾಕಿಕೊಂಡಿರುವುದು ಮೇಲು. ಇದೇ ಕೆಲಸವನ್ನು ಮುಂಗಾರಿಗೆ ಮುಂಚೆ ಒಮ್ಮೆ, ಪೈರು ಹೊಲದಲ್ಲಿರುವಾಗ ಒಮ್ಮೆ, ಸುಗ್ಗಿಯಾದ ಮೇಲೆ ಒಮ್ಮೆ ನಡೆಸಿದರೆ ಋತುಮಾನದ ವ್ಯತ್ಯಾಸವು ತಿಳಿಯುತ್ತದೆ.

ಲೆಕ್ಕವನ್ನು ಎರಡು ಕಾಲಮುಗಳಲ್ಲಿ ಬರೆಯಬೇಕು. ಕಣ್ಕಪ್ಪಡಿ ಯಂತ್ರದ ಮುಂದೆ ಒಮ್ಮೆ ಹಾದುಹೋದಾಗ ಸಾಲಾಗಿ ದೊರೆಯುವ ಕೂಗುಗಳು ಒಂದು ಹಾಯುವಿಕೆ. ಅದರಲ್ಲಿ ಝೇಂಕಾರವಿದ್ದರೆ ಅದನ್ನು ಪ್ರತ್ಯೇಕವಾಗಿ ಬರೆಯುವುದು. ಕೆರೆಯ ಏರಿಯಲ್ಲಿ ೧೦೦ ಹಾಯುವಿಕೆಗಳೂ ೨೦ ಝೇಂಕಾರಗಳೂ, ಕಾಲುವೆಯ ಬದಿಯ ಮರಸಾಲಿನಲ್ಲಿ ೧೦೦ ಹಾಯುವಿಕೆಗಳೂ ಎರಡೇ ಝೇಂಕಾರಗಳೂ ದೊರೆತುವೆಂದು ಉದಾಹರಣೆಗೆ ಇಟ್ಟುಕೊಳ್ಳಬಹುದು. ಕೆರೆಯು ಉಣ್ಣುವ ಮನೆ, ಮರಸಾಲು ಅಲ್ಲಿಗೆ ಹೋಗುವ ಹಾದಿ. ಮರಸಾಲಿನಲ್ಲಿ ಬೇಟೆಯಿಲ್ಲವೆಂದು ಅದನ್ನು ಕಡಿದುಬಿಟ್ಟರೆ ಉಣ್ಣುವ ಮನೆಗೆ ಬರುವವರೂ ತಪ್ಪಿಹೋಗುತ್ತಾರೆ.

ಈ ಲೆಕ್ಕದಲ್ಲಿ ಮೋಸಹೋಗುವ ಸಂದರ್ಭಗಳೂ ಹಲವು ಉಂಟು. ನೂರು ಹಾಯುವಿಕೆಗಳೆಂದರೆ ನೂರು ಕಣ್ಕಪ್ಪಡಿಗಳಲ್ಲ. ಒಂದೇ ಪ್ರಾಣಿ ಹತ್ತು ಸಲ ಸುತ್ತಿರಬಹುದು. ಆದುದರಿಂದ ಇದು ಚಟುವಟಿಕೆಯ ಅಳತೆಯೇ ಹೊರತು ತಲೆ ಎಣಿಕೆಯಲ್ಲ. ಗಟ್ಟಿಯಾಗಿ ಕೂಗುವ ಬಯಲಿನ ಜಾತಿಯ ಕೂಗು ನೂರಡಿಯಾಚೆಗೂ ದೊರೆತರೆ, ಎಲೆಮೂಗಿನ ಜಾತಿಯದು ಕೆಲವೇ ಅಡಿಗಳಲ್ಲಿ ಅಡಗಿಹೋಗುತ್ತದೆ; ಆದಕಾರಣ ಎಲೆಮೂಗಿನವುಗಳ ಲೆಕ್ಕ ಯಾವಾಗಲೂ ನಿಜಕ್ಕಿಂತ ಕಡಮೆಯಾಗಿಯೇ ಬರುವುದು. ಕಪ್ಪೆ, ಇಲಿ, ದೊಡ್ಡ ಹುಳುಗಳನ್ನು ನೆಲದಿಂದ ಎತ್ತಿಕೊಳ್ಳುವ ಅಗಲಕಿವಿಯ ಬಾವಲಿಯಂತೂ ಪಿಸುಮಾತಿನಲ್ಲಿ ಕೂಗುವುದು. ಅದು ಯಂತ್ರಕ್ಕೆ ಸಿಗುವುದೇ ಅಪರೂಪ. ಮಿಡತೆ, ಜೀರುಂಡೆಗಳ ಸದ್ದೂ ಇದೇ ಸ್ವರಗಳಲ್ಲಿ ಸೇರಿಕೊಂಡು ಗೊಂದಲವುಂಟುಮಾಡುತ್ತದೆ. ಕೆಲವು ಸಣ್ಣ ಜಾತಿಗಳ ಕೂಗು ಒಂದನ್ನೊಂದು ಹೋಲುವುದರಿಂದ, ಮೊದಲು ಕೆಲವನ್ನು ಹಿಡಿದು ಜಾತಿಯನ್ನು ಗುರುತಿಸಿ, ಬಿಡುವಾಗ ಅವುಗಳ ಕೂಗನ್ನು ಬರೆದಿಟ್ಟುಕೊಂಡ ಮಾದರಿಗಳು ಬೇಕು. ಇದು ತಜ್ಞರ ಕೆಲಸ; ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಯಾರೂ ಹಿಡಿಯಕೂಡದು. ಕಂಪ್ಯೂಟರು ತಾನಾಗಿ ಹೇಳುವ ಜಾತಿಯ ಹೆಸರನ್ನು ಪರೀಕ್ಷಿಸದೆ ನಂಬುವವರು ಈಚೆಗೆ ಹೆಚ್ಚಾಗಿದ್ದಾರೆ. ಅನ್ಯದೇಶದ ಕೂಗುಗಳಿಂದ ಕಲಿತ ಯಂತ್ರ ನಮ್ಮ ದೇಶದ ಕಣ್ಕಪ್ಪಡಿಗೆ ಅನ್ಯದೇಶದ ಹೆಸರನ್ನೇ ಕೊಡುತ್ತದೆ.

ಆನೆಮಲೆಯಲ್ಲಿ ಕಂಡುಬಂದ ಸಂಗತಿ

ಪಶ್ಚಿಮಘಟ್ಟದಲ್ಲಿ ಈ ಕ್ರಮವನ್ನು ವಿಸ್ತಾರವಾಗಿ ನಡೆಸಿದುದು ತಮಿಳುನಾಡಿನ ಆನೆಮಲೆಯ ವಾಲ್ಪಾರೈ ಪ್ರಸ್ಥಭೂಮಿಯಲ್ಲಿ. ಕ್ಲೇರ್ ವರ್ಡ್ಸ್‌ಲಿ ಎಂಬ ಆಂಗ್ಲ ವಿಜ್ಞಾನಿ, ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನ ದಿವ್ಯಾ ಮುದ್ದಪ್ಪ, ಬೆಂಗಳೂರಿನ ಮಹೇಶ್ ಶಂಕರನ್ ಮೊದಲಾದವರು ಸೇರಿ ಬಲೆಯಿಂದಲೂ ಧ್ವನಿಯಂತ್ರದಿಂದಲೂ ಅಲ್ಲಿನ ಕಾಡು, ಕಾಡಿನ ತುಣುಕು, ಕಾಫಿ ತೋಟ, ಟೀ ತೋಟ, ನದೀತೀರಗಳನ್ನು ಹೋಲಿಸಿ ನೋಡಿದರು. ೨೦೧೪ರಿಂದ ೨೦೧೭ರ ಒಳಗೆ ಪ್ರಕಟವಾದ ಇವರ ಬರಹಗಳು ನ‌ಮ್ಮ ಮಲೆನಾಡಿನ ತೋಟಗಾರರು ಮನಸ್ಸಿಟ್ಟು ಕೇಳತಕ್ಕವು. ಕಾಡಿನ ತುಣುಕುಗಳಲ್ಲಿಯೂ, ಮರಗಳ ನೆರಳಿನಲ್ಲಿ ಬೆಳೆದ ಕಾಫಿಯಲ್ಲಿಯೂ ಬಗೆಬಗೆಯಾಗಿ ಬೇಟೆಯಾಡುವ ಬಾವಲಿಗಳ ಸಮುದಾಯ ರಕ್ಷಿತಾರಣ್ಯದಲ್ಲಿದ್ದಂತೆಯೇ ಇದ್ದಿತು. ಟೀ ತೋಟದಲ್ಲಿ ಅದು ಬಹಳ ಕುಗ್ಗಿಹೋಗಿದ್ದಿತು. ಆದರೆ ಟೀ ತೋಟದ ನಡುವೆ ಹರಿಯುವ ಹೊಳೆಯ ಎರಡು ದಡಗಳಲ್ಲಿ ಮರಗಳ ಪಟ್ಟಿಯೊಂದನ್ನು ಉಳಿಸಿದ್ದ ಕಡೆ ಈ ನಷ್ಟದ ಬಹುಭಾಗ ತಪ್ಪಿದ್ದಿತು. ಎಲ್ಲಕ್ಕಿಂತ ಮೊದಲು ಮಾಯವಾಗುವುವು ಹಣ್ಣು ತಿನ್ನುವವೂ, ಗಾತ್ರದಲ್ಲಿ ದೊಡ್ಡವೂ, ಮೊಟಕು ರೆಕ್ಕೆಯವೂ, ನಿಂತಸ್ವರದಲ್ಲಿ ಕೂಗುವವೂ ಎಂದು ಅವರು ತೋರಿಸಿದರು. ಮೇಲೆ ಹೇಳಿದ ಮೂರನೆಯ ಪಂಗಡಕ್ಕೆ ಬಯಲೇ ಗೋಡೆಯಾಗಿ ನಿಲ್ಲುವುದರಿಂದ ಇದು ಆಶ್ಚರ್ಯವಲ್ಲ.

ಕೊಡಗು, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಅತ್ತಿ, ಹಲಸು, ನಂದಿ, ಬೀಟೆಗಳ ನೆರಳನ್ನು ತೆಗೆದು ಸಿಲ್ವರ್ ಓಕ್ ಒಂದನ್ನೇ ಸಾಲಿಟ್ಟು, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸುವುದು ಹೆಚ್ಚಿದೆ. ಮೆಣಸಿನ ಧಾರಣೆಯನ್ನು ನೋಡಿದರೆ ತೋಟಗಾರರನ್ನು ದೂರುವಂತಿಲ್ಲ. ಆದರೂ ಆನೆಮಲೆಯ ಫಲವು ನಾಡಮರದ ನೆರಳಿಗೆ ಸಂಬಂಧಪಟ್ಟುದೇ ಹೊರತು ಕಾಫಿಗಿಡಕ್ಕೆ ಸಂಬಂಧಪಟ್ಟುದಲ್ಲ. ನೆರಳು ಬದಲಾದ ತೋಟದಲ್ಲಿಯೂ ಕಣ್ಕಪ್ಪಡಿಗಳು ಹಾಗೆಯೇ ಇರುತ್ತವೆಂದು ತಿಳಿಯುವುದಕ್ಕೆ ಅದರಲ್ಲಿ ಆಧಾರವಿಲ್ಲ. ಹಳ್ಳದ ಬದಿಯ ಮರಗಳನ್ನಾದರೂ ಎರಡು ಕಡೆಯೂ ಮುಟ್ಟದೆ ಬಿಡುವುದು ತೋಟಗಾರನಿಗೆ ಹೊರೆಯಾಗಲಾರದು.

ಹನುಮನಹಳ್ಳಿಯ ಗುಹೆ

ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿಯ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಗುಡ್ಡದ ಗ್ರಾನೈಟ್ ಬಂಡೆಗಳ ಸಂದಿಯ ಗುಹೆಯೊಂದರಲ್ಲಿ ಎಲೆಮೂಗಿನ ಕಣ್ಕಪ್ಪಡಿಯ ಒಂದು ಜಾತಿಯಿದೆ. ಕಾಕ್ ಮತ್ತು ಎಚ್. ಆರ್. ಭಟ್ ಎಂಬ ವಿದ್ವಾಂಸರು ೧೯೯೪ರಲ್ಲಿ ಇದನ್ನು ಪ್ರತ್ಯೇಕ ಜಾತಿಯೆಂದು ವರ್ಣಿಸಿದರು. ಕೋಲಾರದ ಎಲೆಮೂಗಿನ ಬಾವಲಿಯೆಂದು ಈಗ ಇದರ ಹೆಸರು. ಹಿಂದೆ ಅದೇ ಜಿಲ್ಲೆಯ ತೇರಹಳ್ಳಿಯಲ್ಲಿಯೂ ಇದ್ದಿತು. ಮುಂದೆ ಹುಡುಕಿದವರಿಗೆ ಅಲ್ಲಿ ದೊರೆಯಲಿಲ್ಲ. ಹನುಮನಹಳ್ಳಿಯ ಗುಹೆಯಲ್ಲಿ ಎಣಿಸಿದಾಗ ಇನ್ನೂರಕ್ಕಿಂತಲೂ ಕಡಮೆ ಇದ್ದವು. ಲೋಕದಲ್ಲಿ ಬೇರೆಲ್ಲಿಯೂ ಇದು ಇರುವುದಾಗಿ ತಿಳಿದುಬಂದಿಲ್ಲ. ೨೦೧೬ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಇದಕ್ಕೆ ಬಂದ ಅಪಾಯ ಯಾವುದೆಂದರೆ ಕಲ್ಲುಗಣಿ. ಗುಡ್ಡದ ಬಂಡೆಯನ್ನು ಒಡೆದು ಸಾಗಿಸುವವರಿಗೆ ಬಂಡೆಯ ಸಂದಿಯಲ್ಲಿ ಏನಿದೆಯೆಂಬುದು ತಿಳಿಯದು, ತಿಳಿದರೂ ಬೇಕಿಲ್ಲ. ಸಿಡಿಮದ್ದಿನ ಅದುರಿಗೆ ಗುಹೆ ಕುಸಿಯುತ್ತದೆ. ಕುಸಿಯದಿದ್ದರೂ ಬಾಯಿ ಅಗಲವಾಗಿ ಒಳಗಿನ ತೇವವೂ ಕತ್ತಲೂ ಹೋಗಿಬಿಡುತ್ತವೆ. ಪರಿಶೋಧಕರ ಪ್ರಯತ್ನದಿಂದ ಸರ್ಕಾರವು ಅಲ್ಲಿನ ಕಲ್ಲುಗಣಿಯನ್ನು ನಿಲ್ಲಿಸಿ, ಗುಹೆಗಳ ಸುತ್ತಣ ಸುಮಾರು ೩೦ ಎಕರೆ ಭೂಮಿಯ ರಕ್ಷಣೆಗೆ ಕ್ರಮ ಕೈಗೊಂಡಿತು.

ಗುಹೆಯನ್ನು ಕಾಯುವುದರಿಂದ ಅರ್ಧ ಕೆಲಸವಷ್ಟೇ ಆದಂತಾಯಿತು. ಹಗಲು ಗುಹೆಯಲ್ಲಿ ಮಲಗುವ ಪ್ರಾಣಿ ರಾತ್ರಿ ಎಲ್ಲಿಗೆ ಹೋಗಿ ಉಣ್ಣುತ್ತದೆ? ಸುತ್ತಣ ಕುರುಚಲಿಗೋ, ಹೊಂಗೆ ಹುಣಿಸೆಗಳ ಸಾಲಿಗೋ, ರೈತರ ಹೊಲದ ಬದುವಿಗೋ? ಈ ಪ್ರಶ್ನೆಗೆ ಗುಹೆಯೊಳಕ್ಕೆ ಕಾಲಿಡದೆಯೇ ಉತ್ತರವನ್ನು ಪಡೆಯಬಲ್ಲ ಉಪಾಯವೆಂದರೆ ಕೂಗನ್ನು ಕೇಳುವುದು. ಇದರ ಕೂಗು ಒಂದು ಲಕ್ಷ ಕಂಪನಕ್ಕೆ ತುಸು ಮೇಲೆ ನಿಂತಸ್ವರವಾಗಿರುತ್ತದೆ. ೧ ಲಕ್ಷ ೩೦ ಸಾವಿರದ ಬಳಿ ಕೂಗುವ ಬಯಲುಸೀಮೆಯ ಎಲೆಮೂಗಿನ ಜಾತಿಯಿಂದ ಚಿತ್ರದಲ್ಲಿ ಸುಲಭವಾಗಿ ಬೇರ್ಪಡುತ್ತದೆ. ಆದರೆ ಅಷ್ಟು ಎತ್ತರದ ಸ್ವರ ಬಹುದೂರ ಬಾರದಾದುದರಿಂದ ಯಂತ್ರಗಳನ್ನು ಒತ್ತಾಗಿ ಇಡಬೇಕು. ಬದುವಿನ ಯಜಮಾನನ ಒಪ್ಪಿಗೆಯಿಲ್ಲದೆ ಅದು ಆಗುವ ಕೆಲಸವಲ್ಲ. ಇನ್ನೂರು ತಲೆಗಳ, ನಿಧಾನವಾಗಿ ಹೆಚ್ಚುವ ಜಾತಿಗೆ ಒಂದು ಮರಸಾಲು ಹೋದರೂ ದೊಡ್ಡ ನಷ್ಟವೇ.

ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯಗಳು

ಹನುಮನಹಳ್ಳಿಯಂಥ ಗುಡ್ಡಗಳು ಕೋಲಾರ, ತುಮಕೂರು, ಚಿತ್ರದುರ್ಗ, ರಾಯಚೂರು ಸೀಮೆಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಯಾವುದರ ಸಂದಿಯಲ್ಲಿ ಏನು ಕೂಗುತ್ತಿದೆಯೆಂದು ಕೇಳಿ ನೋಡಿರುವುದು ಕೆಲವನ್ನೇ. ಆದುದರಿಂದ ಗ್ರಾಮದ ಬಂಡೆಯನ್ನು ಗುತ್ತಿಗೆಗೆ ಕೊಡುವ ಪ್ರಸ್ತಾಪ ಪಂಚಾಯಿತಿಯ ಮುಂದೆ ಬಂದಾಗ, ಒಪ್ಪಿಗೆಗೆ ಮುಂಚೆ ಆ ಬಂಡೆಯ ಸುತ್ತ ನಾಲ್ಕೈದು ರಾತ್ರಿ ಯಂತ್ರವನ್ನಿಟ್ಟು ನೋಡಬೇಕೆಂದು ಕೇಳುವುದು ಮುಖಂಡರಿಗೆ ಸಾಧ್ಯವಿದೆ. ಒಡೆದ ಮೇಲೆ ಕೇಳಿ ಫಲವಿಲ್ಲ. ಕೃಷಿ ವಿಶ್ವವಿದ್ಯಾನಿಲಯದ ಕೀಟಶಾಸ್ತ್ರ ವಿಭಾಗದವರನ್ನೋ, ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರದ ಅಧ್ಯಾಪಕರನ್ನೋ ಈ ಬಗ್ಗೆ ವಿಚಾರಿಸಬಹುದು. ಕೂಗನ್ನು ಹಿಡಿಯುವುದರಿಂದ ಪ್ರಾಣಿಗೆ ಯಾವ ತೊಂದರೆಯೂ ಇಲ್ಲ.

ದೇವಸ್ಥಾನದ ಜೀರ್ಣೋದ್ಧಾರ ಮಾಡಿಸುವವರು ಬಿರುಕುಗಳಿಗೆಲ್ಲ ಒಂದೇ ಸಲ ಗಾರೆ ಮೆತ್ತಿಸುವುದರಿಂದ ಒಳಗಿರುವ ಮರಿಗಳು ಸಾಯುತ್ತವೆ. ಮರಿಗಳು ಹಾರುವವರೆಗೆ ತಡೆದು, ಉಪಯೋಗವಿಲ್ಲದ ಒಂದು ಮೂಲೆಯನ್ನು ಬಿಟ್ಟು ಉಳಿದುದನ್ನು ಮುಚ್ಚಿಸುವುದು ಮೇಲು. ಗುಡಿಯ ಗೋಪುರಕ್ಕೂ ಕೆರೆಯ ಏರಿಗೂ ರಾತ್ರಿಯೆಲ್ಲ ಪ್ರಖರವಾದ ದೀಪ ಹಾಕಿಸುವುದು ಈಚಿನ ರೂಢಿ. ದೀಪದ ಹುಳುಗಳಿಗಾಗಿ ಬಯಲಿನ ಜಾತಿಗಳು ಕೆಲವು ಬರುತ್ತವೆಂಬುದೇನೋ ನಿಜ. ಆದರೆ ಲಾಳಮೂಗಿನವು ಬೆಳಕಿನ ಸಾಲನ್ನು ದಾಟುವುದಿಲ್ಲವೆಂದು ಇಂಗ್ಲೆಂಡಿನಲ್ಲಿ ೨೦೦೯ರಲ್ಲಿಯೇ ಬೇಲಿಸಾಲಿಗೆ ದೀಪ ಕಟ್ಟಿ ಪರೀಕ್ಷಿಸಿ ನೋಡಿದ್ದಾರೆ. ಹಬ್ಬದ ದಿನಗಳಿಗೆ ದೀಪವಿದ್ದರೆ ಸಾಕು.

ಕಣ್ಕಪ್ಪಡಿಯ ಹಿಕ್ಕೆ ಒಳ್ಳೆಯ ಗೊಬ್ಬರವೆಂದು ಗುಹೆಗೆ ನುಗ್ಗುವುದುಂಟು. ಮರಿಗಳಿರುವ ಕಾಲದಲ್ಲಿ ಜನರು ದೀವಟಿಗೆ ಹಿಡಿದು ಒಳಹೊಕ್ಕರೆ ತಾಯಿಗಳು ಬೆದರಿ ಮರಿಗಳನ್ನು ಉದುರಿಸುತ್ತವೆ. ಒಣಗಿದ ಹಿಕ್ಕೆಯ ಧೂಳು ಮನುಷ್ಯರ ಶ್ವಾಸಕೋಶಕ್ಕೂ ಕೆಡುಕು. ನೆಲಕ್ಕೆ ಬಿದ್ದ ಬಾವಲಿಯನ್ನು ಬರಿಗೈಯಿಂದ ಯಾರೂ ಮುಟ್ಟಕೂಡದು. ಕಚ್ಚಿದರೆ ಗಾಯವನ್ನು ಸೋಪು ನೀರಿನಿಂದ ಚೆನ್ನಾಗಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಹುಚ್ಚುನಾಯಿ ಕಡಿತಕ್ಕೆ ಹಾಕುವ ಚುಚ್ಚುಮದ್ದನ್ನೇ ಹಾಕಿಸಿಕೊಳ್ಳತಕ್ಕದ್ದು.